ತೀವ್ರ ನಿಗಾ ಘಟಕದ ಮಕ್ಕಳಲ್ಲಿ ಮೂತ್ರದ ಕ್ಯಾಥೆಟರ್ ಸೋಂಕನ್ನು ತಡೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತೀವ್ರ ನಿಗಾ ಘಟಕದಲ್ಲಿ ಮಲಗಿರುವ ಮಗುವಿನ ಮೈಗೆ ಹಲವು ಕೊಳವೆಗಳು ಅಂಟಿಕೊಂಡಿರುತ್ತವೆ. ಒಳಗೆ ಬಂದವರ ಕಣ್ಣು ಮೊದಲು ಹೋಗುವುದು ವೆಂಟಿಲೇಟರಿನ ಕಡೆಗೆ, ಆಮೇಲೆ ಕುತ್ತಿಗೆಯ ಅಥವಾ ತೊಡೆಸಂದಿಯ ರಕ್ತನಾಳದ ಕೊಳವೆಯ ಕಡೆಗೆ. ಹೊದಿಕೆಯ ಕೆಳಗಿರುವ ಮೂತ್ರದ ಕ್ಯಾಥೆಟರ್, ಅಂದರೆ ಮೂತ್ರಕೋಶದಿಂದ ಮೂತ್ರವನ್ನು ಹೊರತರುವ ಕೊಳವೆ, ಯಾರ ಗಮನವನ್ನೂ ಸೆಳೆಯುವುದಿಲ್ಲ. ಅದಕ್ಕೆ ಅಲಾರಂ ಇಲ್ಲ. ಅದು ಇರುವುದರಿಂದ ಯಾರಿಗೂ ತೊಂದರೆ ಕಾಣಿಸುವುದಿಲ್ಲ, ದಾಖಲಾತಿಗೆ ಅನುಕೂಲವೂ ಹೌದು. ಹೀಗಾಗಿ ಮೊದಲ ರಾತ್ರಿಯ ತುರ್ತಿನಲ್ಲಿ ನ್ಯಾಯವಾಗಿಯೇ ಹಾಕಿದ ಕ್ಯಾಥೆಟರ್, ಕಾರಣ ಮುಗಿದ ಮೇಲೂ ದಿನಗಟ್ಟಲೆ ಉಳಿದುಬಿಡುತ್ತದೆ. ಸೋಂಕು ಬೆಳೆಯುವುದು ಈ ಹೆಚ್ಚುವರಿ ದಿನಗಳಲ್ಲಿ.

ಈ ಬರಹ ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ ಕೆಲಸ ಮಾಡುವ ಶುಶ್ರೂಷಕರಿಗೆ, ಕಿರಿಯ ವೈದ್ಯರಿಗೆ ಮತ್ತು ಮಗುವಿನ ಪಕ್ಕ ಕುಳಿತಿರುವ ಪೋಷಕರಿಗೆ. ನಿಮ್ಮ ಆಸ್ಪತ್ರೆಗೆ ತನ್ನದೇ ಲಿಖಿತ ನಿಯಮಾವಳಿ ಇದ್ದರೆ ಅದನ್ನು ಪಾಲಿಸಿ. ಇಲ್ಲಿರುವುದು ಅದರ ಹಿಂದಿನ ಕಾರಣಗಳನ್ನು ಅರಿಯಲು, ನಿಯಮಾವಳಿ ಇಲ್ಲದ ಕಡೆ ಒಂದನ್ನು ಬರೆದುಕೊಳ್ಳಲು ನೆರವಾಗಲಿ.

ರೋಗಾಣು ಒಳಗೆ ಹೋಗುವ ದಾರಿಗಳು

ಆರೋಗ್ಯವಂತ ಮೂತ್ರಕೋಶ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಪ್ರತಿ ಬಾರಿ ಮೂತ್ರ ಪೂರ್ತಿ ಹೊರಹೋದಾಗ ಅದರೊಂದಿಗೆ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಕ್ಯಾಥೆಟರ್ ಈ ವ್ಯವಸ್ಥೆಯನ್ನು ಕೆಡಿಸುತ್ತದೆ. ಕೊಳವೆ ಜಾರದಂತೆ ಮೂತ್ರಕೋಶದೊಳಗೆ ಹಿಡಿದಿಡುವ ಪುಟ್ಟ ಬಲೂನಿನ ಕೆಳಗೆ ಸ್ವಲ್ಪ ಮೂತ್ರ ಸದಾ ಉಳಿಯುತ್ತದೆ, ಮೂತ್ರನಾಳದ ಒಳಪದರ ಉಜ್ಜಿ ಸವೆಯುತ್ತದೆ, ಹೊರಗಿನ ಚರ್ಮಕ್ಕೂ ಮೂತ್ರಕೋಶಕ್ಕೂ ನೇರ ಸೇತುವೆ ಬೀಳುತ್ತದೆ.

ರೋಗಾಣುಗಳಿಗೆ ದಾರಿ ಎರಡು. ಒಂದು, ಕ್ಯಾಥೆಟರಿನ ಹೊರಮೈ ಮತ್ತು ಮೂತ್ರನಾಳದ ಗೋಡೆಯ ನಡುವಿನ ತೆಳು ಲೋಳೆಯ ಪದರ. ಮಲದಿಂದ ಬಂದು ಚರ್ಮದ ಮೇಲೆ ನೆಲೆಸಿದ ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಎಂಟೆರೊಕಾಕಸ್ ಮುಂತಾದವು ಈ ದಾರಿಯಲ್ಲಿ ಮೇಲೇರುತ್ತವೆ. ಕೆಲವೊಮ್ಮೆ ಕ್ಯಾಥೆಟರ್ ಹಾಕುವ ಕ್ಷಣದಲ್ಲಿಯೇ ಒಳಗೆ ತಳ್ಳಲ್ಪಡುತ್ತವೆ. ಇನ್ನೊಂದು, ಕೊಳವೆಯ ಒಳಮೈ. ಜೋಡಣೆ ಬಿಚ್ಚಿದಾಗ ಅಥವಾ ಚೀಲದ ಮೂತ್ರ ಹಿಂದಕ್ಕೆ ಹರಿದಾಗ ಸಿಬ್ಬಂದಿಯ ಕೈಯ ಅಥವಾ ಪಾತ್ರೆಯ ರೋಗಾಣುಗಳು ಈ ದಾರಿ ಹಿಡಿಯುತ್ತವೆ. ಯಾವ ದಾರಿಯಲ್ಲಿ ಬಂದರೂ ಅವು ಕೊಳವೆಯ ಮೇಲೆ ಜೈವಿಕ ಪೊರೆಯನ್ನು ಕಟ್ಟಿಕೊಳ್ಳುತ್ತವೆ. ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ ಅಂಟಿಕೊಂಡ ಆ ಪೊರೆಯೊಳಗೆ ಆ್ಯಂಟಿಬಯಾಟಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಕ್ಯಾಥೆಟರನ್ನು ಹಾಗೆಯೇ ಬಿಟ್ಟು ಔಷಧ ಮಾತ್ರ ಕೊಟ್ಟರೆ ಸೋಂಕು ಮರಳಿ ಬರುತ್ತದೆ.

ದೊಡ್ಡವರ ಮೇಲಿನ ಅಧ್ಯಯನಗಳ ಪ್ರಕಾರ, ಕ್ಯಾಥೆಟರ್ ಇರುವ ಪ್ರತಿ ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವ ಸಾಧ್ಯತೆ ಶೇ 3ರಿಂದ 7ರಷ್ಟು. ಮುಂದಿನ ಎಲ್ಲ ಹಂತಗಳ ಹಿಂದೆ ಈ ಲೆಕ್ಕವಿದೆ. ಕೈ ಎಷ್ಟೇ ಶುದ್ಧವಿರಲಿ, ದಿನ ಕಳೆದಂತೆ ಅಪಾಯ ಕೂಡುತ್ತಲೇ ಹೋಗುತ್ತದೆ. ದಿನಗಳನ್ನು ಕಡಿಮೆ ಮಾಡುವುದಕ್ಕಿಂತ ಬಲವಾದ ತಡೆ ಬೇರೊಂದಿಲ್ಲ.

ಹಂತ 1: ಹಾಕಲೇಬೇಕೇ ಎಂದು ಕೇಳಿ

ಕ್ಯಾಥೆಟರ್ ಹಾಕುವ ಮುನ್ನ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲು ಸಾಧ್ಯವಾಗಬೇಕು. ಆಘಾತ ಸ್ಥಿತಿಯಲ್ಲಿರುವ (ರಕ್ತಸಂಚಾರ ಕುಸಿದ, ‘ಶಾಕ್’ ಎನ್ನುವ ಸ್ಥಿತಿ) ಮಗುವಿನಲ್ಲಿ ಗಂಟೆಗಂಟೆಯ ಮೂತ್ರದ ಅಳತೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ಅದು ಸರಿಯಾದ ಕಾರಣ. ಮೂತ್ರ ಕಟ್ಟಿರುವುದು, ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ಕೊಟ್ಟಿರುವುದು, ಆಳವಾದ ನಿದ್ರಾಜನಕ ಮತ್ತು ಒಪಿಯಾಯ್ಡ್‌ಗಳಿಂದ (ಮಾರ್ಫಿನ್‌ನಂಥ ಬಲವಾದ ನೋವುನಿವಾರಕಗಳು) ಮೂತ್ರ ಹೊರಹೋಗದಿರುವುದು, ಮೂತ್ರಾಂಗಗಳ ಶಸ್ತ್ರಚಿಕಿತ್ಸೆ, ಬೆನ್ನುಮೂಳೆ ಅಥವಾ ಸೊಂಟದ ಮೂಳೆ ಮುರಿದು ಅಲುಗಾಡಿಸಬಾರದ ಸ್ಥಿತಿ, ಗುದದ ಸುತ್ತಲಿನ ತೆರೆದ ಗಾಯ ಅಥವಾ ಸುಟ್ಟ ಗಾಯಕ್ಕೆ ಮೂತ್ರ ತಾಗುವುದು — ಇವೂ ಒಪ್ಪುವಂಥ ಕಾರಣಗಳೇ.

‘ವೆಂಟಿಲೇಟರ್ ಮೇಲಿದೆ’ ಎಂಬುದು ಮಾತ್ರ ಸಾಲದು. ‘ಡೈಪರ್ ಪದೇ ಪದೇ ಬದಲಿಸಬೇಕಾಗುತ್ತದೆ’ ಎಂಬುದಂತೂ ಕಾರಣವೇ ಅಲ್ಲ. ಹಾಕುವುದರಿಂದ ಕೆಲಸ ಹಗುರವಾಗುವುದು ನಿಜ; ಸಿಬ್ಬಂದಿ ಕಡಿಮೆಯಿರುವ ರಾತ್ರಿಯಲ್ಲಿ ಆ ಆಸೆ ಬರುವುದೂ ಸಹಜ. ಆದರೆ ಆ ಸೌಕರ್ಯದ ಬೆಲೆಯನ್ನು ತೆರುವುದು ಮಗು.

ಮೂತ್ರವನ್ನು ಅಳೆಯಲು ಬೇರೆ ದಾರಿಗಳಿವೆ, ಮಕ್ಕಳಲ್ಲಿ ಅವು ದೊಡ್ಡವರಿಗಿಂತ ಸುಲಭ. ಒಣ ಡೈಪರಿನ ತೂಕವನ್ನು ಒದ್ದೆ ಡೈಪರಿನ ತೂಕದಿಂದ ಕಳೆಯಿರಿ. ಒಂದು ಗ್ರಾಂ ಎಂದರೆ ಸರಿಸುಮಾರು ಒಂದು ಮಿಲಿಲೀಟರ್. 10 ಕಿಲೋ ತೂಕದ ಮಗುವಿನ ಡೈಪರ್ ನಾಲ್ಕು ಗಂಟೆಯಲ್ಲಿ 48 ಗ್ರಾಂ ಹೆಚ್ಚಾಗಿದ್ದರೆ, ಗಂಟೆಗೆ ಪ್ರತಿ ಕಿಲೋಗೆ 1.2 ಮಿಲಿಲೀಟರ್ ಮೂತ್ರ ಬಂದಂತಾಯಿತು. ಹೆಚ್ಚಿನ ಚಿಕ್ಕ ಮಕ್ಕಳಲ್ಲಿ ಗಂಟೆಗೆ ಕಿಲೋಗೆ ಒಂದು ಮಿಲಿಲೀಟರ್ ಬಂದರೆ ಸಮಾಧಾನಕರ. ಮಲ ಬೆರೆತಾಗ ಈ ಅಳತೆ ತಪ್ಪುತ್ತದೆ, ಅದನ್ನು ಹಾಗೆಯೇ ದಾಖಲಿಸಿ. ದೊಡ್ಡ ಹುಡುಗರಿಗೆ ಕಾಂಡೋಮ್ ಮಾದರಿಯ ಹೊರಗಿನ ಸಾಧನ, ಎಚ್ಚರವಿರುವ ಮಕ್ಕಳಿಗೆ ಮೂತ್ರದ ಪಾತ್ರೆ, ಮೂತ್ರ ಕಟ್ಟುವ ಮಕ್ಕಳಿಗೆ ಆಗಾಗ ಹಾಕಿ ತಕ್ಷಣ ತೆಗೆಯುವ ಕ್ಯಾಥೆಟರ್ ಕೂಡ ಇವೆ. ಮೂತ್ರ ಬರದಿದ್ದಾಗ ಮೊದಲು ಹಾಸಿಗೆಯ ಬಳಿಯೇ ಅಲ್ಟ್ರಾಸೌಂಡ್ ಮಾಡಿ ಮೂತ್ರಕೋಶ ತುಂಬಿದೆಯೇ ನೋಡಿ. ಖಾಲಿ ಮೂತ್ರಕೋಶಕ್ಕೆ ಕ್ಯಾಥೆಟರ್ ಹಾಕಿದರೆ ಸಿಗುವುದು ಅಪಾಯ ಮಾತ್ರ.

ಹಾಕಬಾರದ ಸಂದರ್ಭವೂ ಇದೆ. ಅಪಘಾತವಾದ ಮಗುವಿನ ಮೂತ್ರದ್ವಾರದಲ್ಲಿ ರಕ್ತ ಕಂಡರೆ, ಸೊಂಟದ ಮೂಳೆ ಮುರಿದು ವೃಷಣಚೀಲ ಅಥವಾ ಗುದದ ಮುಂಭಾಗ ಊದಿ ಕಪ್ಪಾಗಿದ್ದರೆ ಮೂತ್ರನಾಳ ಹರಿದಿರಬಹುದು. ಅಂಥಲ್ಲಿ ಮೂತ್ರ ಶಸ್ತ್ರಚಿಕಿತ್ಸಕರನ್ನು ಕರೆಯದೆ ಕೈಹಚ್ಚಬೇಡಿ.

ಹಂತ 2: ಅಳತೆ ಮತ್ತು ವಸ್ತು

ಕ್ಯಾಥೆಟರಿನ ಅಳತೆಯನ್ನು ಫ್ರೆಂಚ್ ಮಾನದಲ್ಲಿ ಹೇಳುತ್ತಾರೆ. ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಹೊರವ್ಯಾಸ. ಮೂತ್ರ ಸರಾಗವಾಗಿ ಹರಿಯುವಷ್ಟಕ್ಕೆ ಸಾಕಾಗುವ ಅತಿ ಸಣ್ಣ ಅಳತೆಯನ್ನೇ ಆರಿಸಿ. ಶಿಶುಗಳಿಗೆ ಸಾಮಾನ್ಯವಾಗಿ 6, ಶಾಲೆಗೆ ಹೋಗುವ ಮುನ್ನಿನ ವಯಸ್ಸಿನವರಿಗೆ 8, ಶಾಲಾ ವಯಸ್ಸಿನವರಿಗೆ 8ರಿಂದ 10, ಹದಿಹರೆಯದವರಿಗೆ 12ರಿಂದ 14 ಫ್ರೆಂಚ್ ಸಾಕು. ಮಗುವಿನ ವಯಸ್ಸಿಗಿಂತ ಅದರ ಮೈಕಟ್ಟನ್ನು ನೋಡಿ ತೀರ್ಮಾನಿಸುವುದು ಮೇಲು. ದಪ್ಪ ಕೊಳವೆ ಮೂತ್ರನಾಳದ ಗೋಡೆಯನ್ನು ಒತ್ತುತ್ತದೆ. ಒತ್ತಿದ ಕಡೆ ಹುಣ್ಣಾಗುತ್ತದೆ, ಗಂಡುಮಕ್ಕಳಲ್ಲಿ ವರ್ಷಗಳ ನಂತರ ಮೂತ್ರನಾಳ ಕಿರಿದಾಗುವುದಕ್ಕೂ ಕಾರಣವಾಗುತ್ತದೆ.

ನವಜಾತ ಶಿಶುಗಳಿಗೆ ಹಲವು ಕಡೆ ತೆಳು ಆಹಾರ ನಳಿಕೆಯನ್ನೇ ಕ್ಯಾಥೆಟರಾಗಿ ಬಳಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಚ್ಚು ಉದ್ದ ಒಳಗೆ ತಳ್ಳಿದರೆ ಆ ಮೆತ್ತನೆಯ ನಳಿಕೆ ಮೂತ್ರಕೋಶದೊಳಗೆ ಸುತ್ತಿಕೊಂಡು ಗಂಟಾಗಬಹುದು, ತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಮೂತ್ರ ಬಂದ ಕೂಡಲೇ ಸ್ವಲ್ಪ ಮಾತ್ರ ಮುಂದೆ ಸರಿಸಿ, ಎಷ್ಟು ಸೆಂಟಿಮೀಟರ್ ಒಳಗಿದೆ ಎಂದು ಬರೆದಿಡಿ.

ಬೆನ್ನುಹುರಿಯ ಜನ್ಮದೋಷವಿರುವ ಮಕ್ಕಳಿಗೆ, ಪದೇ ಪದೇ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಲ್ಯಾಟೆಕ್ಸ್ ಅಲರ್ಜಿ ಬರುವ ಸಾಧ್ಯತೆ ಹೆಚ್ಚು. ಅವರಿಗೆ ಪೂರ್ತಿ ಸಿಲಿಕೋನಿನ ಕ್ಯಾಥೆಟರನ್ನೇ ಬಳಸಿ, ಕೈಗವಸೂ ಲ್ಯಾಟೆಕ್ಸ್ ರಹಿತವಾಗಿರಲಿ. ಬೆಳ್ಳಿ ಅಥವಾ ಆ್ಯಂಟಿಬಯಾಟಿಕ್ ಲೇಪಿತ ಕ್ಯಾಥೆಟರುಗಳ ಬಗ್ಗೆ ನನ್ನ ಅಭಿಪ್ರಾಯ ನೇರ: ಉಳಿದೆಲ್ಲ ಹಂತಗಳೂ ಗಟ್ಟಿಯಾದ ಮೇಲೂ ಸೋಂಕು ಇಳಿಯದಿದ್ದರೆ ಮಾತ್ರ ಅವುಗಳ ಯೋಚನೆ ಮಾಡಿ.

ಹಂತ 3: ಹಾಕುವ ವಿಧಾನ

ಒಬ್ಬರೇ ಹಾಕಬೇಡಿ. ಮಗು ನಿದ್ರಾಜನಕದಲ್ಲಿದ್ದರೂ ಕಾಲು ಹಿಡಿಯಲು, ಬೆಳಕು ಸರಿಪಡಿಸಲು, ಮುಖ್ಯವಾಗಿ ನಂಜುರಹಿತ ವಿಧಾನ ಎಲ್ಲಿ ತಪ್ಪಿತು ಎಂದು ನೋಡಲು ಎರಡನೆಯವರು ಬೇಕು. ತಪ್ಪಿದಾಗ ‘ನಿಲ್ಲಿಸಿ’ ಎನ್ನುವ ಅಧಿಕಾರ ಆ ಎರಡನೆಯವರಿಗೆ ಇರಬೇಕು, ಅವರು ಎಷ್ಟೇ ಕಿರಿಯರಾಗಿದ್ದರೂ ಸರಿ. ಇದನ್ನು ಹಿರಿಯ ವೈದ್ಯರು ಮೊದಲೇ ಬಾಯಿಬಿಟ್ಟು ಹೇಳಿದರೆ ಮಾತ್ರ ನಡೆಯುತ್ತದೆ.

ಸಾಮಾನುಗಳನ್ನೆಲ್ಲ ಮೊದಲೇ ಜೋಡಿಸಿಕೊಳ್ಳಿ: ಸರಿಯಾದ ಅಳತೆಯ ಕ್ಯಾಥೆಟರ್ ಮತ್ತು ಒಂದು ಹೆಚ್ಚುವರಿ, ನಂಜುರಹಿತ ಕೈಗವಸು ಮತ್ತು ಹೊದಿಕೆ, ಒಬ್ಬರಿಗೆ ಒಮ್ಮೆ ಬಳಸುವ ಜೆಲ್ಲಿ, ಶುದ್ಧೀಕರಣದ ದ್ರಾವಣ, ಬಲೂನಿಗೆ ಬೇಕಾದಷ್ಟು ನಂಜುರಹಿತ ನೀರು ತುಂಬಿದ ಸಿರಿಂಜ್, ಅಳತೆಯ ಪಾತ್ರೆಯಿರುವ ಮೂತ್ರದ ಚೀಲ. ಚೀಲವನ್ನು ಮೊದಲೇ ಕ್ಯಾಥೆಟರಿಗೆ ಜೋಡಿಸಿ ಬರುವ ಕಿಟ್ ಸಿಕ್ಕರೆ ಅದೇ ಒಳ್ಳೆಯದು.

ಮೊದಲು ಡೈಪರ್ ತೆಗೆದು ಸೋಪು ನೀರಿನಿಂದ ಆ ಭಾಗವನ್ನು ಚೆನ್ನಾಗಿ ತೊಳೆಯಿರಿ. ಈ ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮಲದ ಅಂಶ ಉಳಿದ ಚರ್ಮದ ಮೇಲೆ ಯಾವ ನಂಜುನಿವಾರಕವೂ ಪೂರ್ತಿ ಕೆಲಸ ಮಾಡದು. ನಂತರ ಕೈ ತೊಳೆದು, ನಂಜುರಹಿತ ಕೈಗವಸು ಹಾಕಿ, ಹೊದಿಕೆ ಹಾಸಿ, ಮೂತ್ರದ್ವಾರದ ಸುತ್ತ ಶುದ್ಧಗೊಳಿಸಿ. ಹೆಣ್ಣುಮಕ್ಕಳಲ್ಲಿ ಮುಂದಿನಿಂದ ಹಿಂದಕ್ಕೆ, ಪ್ರತಿ ಒರೆಸುವಿಕೆಗೂ ಹೊಸ ಹತ್ತಿಯುಂಡೆ ಬಳಸಿ. ಆಸ್ಟ್ರೇಲಿಯಾದ ಮೂರು ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಥೆಟರ್ ಹಾಕುವ ಮುನ್ನ ಸಲೈನ್ ಬದಲು ಶೇ 0.1ರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಒರೆಸಿದಾಗ ಸೋಂಕು ಕಡಿಮೆಯಾಯಿತು. ಆದರೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಸುಡಬಲ್ಲದು. ಪೊವಿಡೋನ್ ಅಯೋಡಿನ್ ಅವರ ಚರ್ಮದ ಮೂಲಕ ರಕ್ತಕ್ಕೆ ಸೇರಿ ಥೈರಾಯ್ಡ್ ಕೆಲಸವನ್ನು ಏರುಪೇರು ಮಾಡಬಲ್ಲದು. ಅಂಥ ಶಿಶುಗಳಿಗೆ ಯಾವ ದ್ರಾವಣ ಎಂಬುದನ್ನು ನವಜಾತ ಶಿಶು ತಜ್ಞರೊಂದಿಗೆ ಮೊದಲೇ ನಿಗದಿ ಮಾಡಿಟ್ಟುಕೊಳ್ಳಿ. ಆಲ್ಕೋಹಾಲ್ ಬೆರೆತ ದ್ರಾವಣವನ್ನು ಈ ಭಾಗಕ್ಕೆ ಯಾವ ವಯಸ್ಸಿನಲ್ಲೂ ಹಚ್ಚಬೇಡಿ.

ನೋವಿನ ಬಗ್ಗೆ ಯೋಚಿಸಿ. ಜಾಗವನ್ನು ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ ಬಳಸಿದರೆ ಕೆಲವು ನಿಮಿಷ ಕಾಯಿರಿ. ಹಚ್ಚಿದ ಕ್ಷಣದಲ್ಲೇ ಕೊಳವೆ ತೂರಿಸಿದರೆ ಅದರಿಂದ ಪ್ರಯೋಜನವಿಲ್ಲ. ಶೇ 2ರ ಜೆಲ್ಲಿಯ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಔಷಧವಿರುತ್ತದೆ, ಚಿಕ್ಕ ಶಿಶುಗಳಲ್ಲಿ ತೂಕಕ್ಕೆ ತಕ್ಕ ಮಿತಿ ಬೇಗ ಮುಟ್ಟುತ್ತದೆ. ಎಚ್ಚರವಿರುವ ಮಗುವಿಗೆ ಏನು ಮಾಡುತ್ತಿದ್ದೀರಿ ಎಂದು ಹೇಳಿ, ತಾಯಿಯೋ ತಂದೆಯೋ ತಲೆಯ ಬಳಿ ನಿಂತಿರಲಿ. ಹೆದರಿ ಬಿಗಿಹಿಡಿದ ಮಗುವಿನಲ್ಲಿ ಮೂತ್ರನಾಳದ ಸ್ನಾಯುವೂ ಬಿಗಿಯುತ್ತದೆ, ಬಲಪ್ರಯೋಗದಿಂದ ಗಾಯವಾಗುತ್ತದೆ.

ಶಿಶುಗಳ ಶಿಶ್ನದ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯಬೇಡಿ. ಅದು ಅಂಟಿಕೊಂಡಿರುವುದು ಆ ವಯಸ್ಸಿಗೆ ಸಹಜ. ಮೂತ್ರದ್ವಾರ ಕಾಣುವಷ್ಟು ಮಾತ್ರ ಸರಿಸಿ, ಕೆಲಸ ಮುಗಿದ ಮೇಲೆ ಮರಳಿ ಮುಂದಕ್ಕೆ ತಂದಿರಿ ಎಂದು ಖಚಿತಪಡಿಸಿಕೊಳ್ಳಿ. ಹಿಂದೆಯೇ ಉಳಿದ ಮುಂದೊಗಲು ಊದಿಕೊಂಡು ಶಿಶ್ನದ ತುದಿಯ ರಕ್ತಸಂಚಾರವನ್ನೇ ನಿಲ್ಲಿಸಬಹುದು. ಪ್ರಜ್ಞೆ ಇಲ್ಲದ ಮಗು ನೋವೆಂದು ಹೇಳಲಾರದು.

ಹೆಣ್ಣುಶಿಶುಗಳಲ್ಲಿ ಕ್ಯಾಥೆಟರ್ ಯೋನಿಗೆ ಹೋಗಿಬಿಡುವುದು ಅಪರೂಪವಲ್ಲ. ಹಾಗಾದರೆ ಅದನ್ನು ಅಲ್ಲೇ ಗುರುತಿಗೆ ಬಿಟ್ಟು, ಹೊಸ ಕ್ಯಾಥೆಟರ್ ತೆಗೆದು ಅದರ ಮೇಲ್ಗಡೆ ಹಾಕಿ. ಯೋನಿಗೆ ಹೋದ ಕೊಳವೆಯನ್ನೇ ಹೊರತೆಗೆದು ಮತ್ತೆ ಮೂತ್ರನಾಳಕ್ಕೆ ತೂರಿಸಿದರೆ ಸೋಂಕನ್ನು ನಾವೇ ಒಳಗೆ ಒಯ್ದಂತೆ.

ಮೂತ್ರ ಹರಿಯುವುದನ್ನು ಕಣ್ಣಾರೆ ನೋಡುವವರೆಗೆ ಬಲೂನು ತುಂಬಬೇಡಿ. ಗಂಡುಮಕ್ಕಳಲ್ಲಿ ಮೂತ್ರ ಬಂದ ಮೇಲೂ ಫೋಲಿ ಕ್ಯಾಥೆಟರನ್ನು (ಬಲೂನಿರುವ ಕ್ಯಾಥೆಟರ್) ಅದರ ಹೊರತುದಿಯ ಕವಲಿನವರೆಗೆ ಮುಂದೆ ಸರಿಸಿ ಆಮೇಲೆ ತುಂಬಿ. ಇಲ್ಲದಿದ್ದರೆ ಬಲೂನು ಮೂತ್ರನಾಳದಲ್ಲೇ ಉಬ್ಬಿ ಅದನ್ನು ಹರಿಯುತ್ತದೆ. ಎಷ್ಟು ನೀರು ಎಂಬುದು ಕ್ಯಾಥೆಟರಿನ ಮೇಲೆಯೇ ಮುದ್ರಿತವಾಗಿರುತ್ತದೆ: 6 ಫ್ರೆಂಚಿಗೆ ಸಾಮಾನ್ಯವಾಗಿ 1.5 ಮಿಲಿಲೀಟರ್, 8 ಮತ್ತು 10ಕ್ಕೆ 3 ಮಿಲಿಲೀಟರ್. ಸಲೈನ್ ಬೇಡ, ಅದರ ಉಪ್ಪು ಹರಳುಗಟ್ಟಿ ಬಲೂನಿನ ದಾರಿ ಮುಚ್ಚಿ ತೆಗೆಯುವಾಗ ಕಷ್ಟವಾಗಬಹುದು. ತುಂಬುವಾಗ ತಡೆ ಎನಿಸಿದರೆ ಅಥವಾ ಮಗುವಿನ ಹೃದಯಬಡಿತ ಒಮ್ಮೆಲೇ ಏರಿದರೆ ನಿಲ್ಲಿಸಿ, ನೀರನ್ನು ಹಿಂತೆಗೆಯಿರಿ.

ಎರಡು ಪ್ರಯತ್ನ ವಿಫಲವಾದರೆ ಮೂರನೆಯದನ್ನು ಹೆಚ್ಚು ಅನುಭವವಿರುವವರಿಗೆ ಬಿಡಿ. ಹುಟ್ಟಿನಿಂದಲೇ ಮೂತ್ರನಾಳದಲ್ಲಿ ಕವಾಟದ ತಡೆಯಿರುವ ಗಂಡುಶಿಶುಗಳಲ್ಲಿ ಕೊಳವೆ ಮೂತ್ರಕೋಶ ತಲುಪದೆ ಹಿಂಭಾಗದ ಮೂತ್ರನಾಳದಲ್ಲೇ ಸುರುಳಿಯಾಗುತ್ತದೆ. ಅವರ ವಿಷಯದಲ್ಲಿ ಆರಂಭದಿಂದಲೇ ತಜ್ಞರಿರಲಿ.

ಹಾಕಿದ ದಿನ, ಗಂಟೆ, ಕಾರಣ, ಅಳತೆ, ಬಲೂನಿನ ನೀರಿನ ಪ್ರಮಾಣ, ಹಾಕಿದವರು ಯಾರು ಎಂಬುದನ್ನು ದಾಖಲಿಸಿ. ಇದರೊಂದಿಗೆ ‘ಯಾವಾಗ ತೆಗೆಯಬಹುದು’ ಎಂಬ ಅಂದಾಜನ್ನೂ ಅದೇ ಕ್ಷಣದಲ್ಲಿ ಬರೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ‘ರಕ್ತದೊತ್ತಡ ಏರಿಸುವ ಔಷಧ ನಿಂತು 12 ಗಂಟೆಯಾದ ಮೇಲೆ ಪುನರ್ವಿಮರ್ಶೆ’ ಎಂದು ಬರೆದಿಟ್ಟರೆ ಮರುದಿನ ಬರುವ ತಂಡಕ್ಕೆ ಕೇಳಲು ಒಂದು ಪ್ರಶ್ನೆ ಸಿದ್ಧವಾಗಿರುತ್ತದೆ.

ಹಂತ 4: ಪ್ರತಿ ಪಾಳಿಯ ಆರೈಕೆ

ಕೆಲಸಕ್ಕೆ ಬಂದ ಕೂಡಲೇ ಹೊದಿಕೆ ಸರಿಸಿ, ಮೂತ್ರದ್ವಾರದಿಂದ ಚೀಲದವರೆಗೆ ಕೊಳವೆಯನ್ನು ಕಣ್ಣಿನಿಂದ ಹಿಂಬಾಲಿಸಿ. ಬೇಕಾದದ್ದೆಲ್ಲ ಆ ಒಂದು ನೋಟದಲ್ಲಿ ಸಿಗುತ್ತದೆ.

ಕೊಳವೆ ಚರ್ಮಕ್ಕೆ ಭದ್ರವಾಗಿ ಅಂಟಿದೆಯೇ? ಹೆಣ್ಣುಮಕ್ಕಳಲ್ಲಿ ಒಳತೊಡೆಗೆ, ಗಂಡುಮಕ್ಕಳಲ್ಲಿ ಮೇಲ್ತೊಡೆ ಅಥವಾ ಕೆಳಹೊಟ್ಟೆಗೆ ಸ್ವಲ್ಪ ಸಡಿಲ ಬಿಟ್ಟು ಅಂಟಿಸಬೇಕು. ಅಲುಗಾಡುವ ಕೊಳವೆ ಒಳಗೆ ಹೊರಗೆ ಜಾರುತ್ತ ಹೊರಗಿನ ರೋಗಾಣುಗಳನ್ನು ಒಳಗೆ ಒಯ್ಯುತ್ತದೆ. ಎಳಸು ಚರ್ಮದ ಶಿಶುಗಳಿಗೆ ಟೇಪಿನ ಕೆಳಗೆ ರಕ್ಷಕ ಪದರ ಹಾಕಿ, ಅಂಟಿಸುವ ಜಾಗವನ್ನು ಆಗಾಗ ಬದಲಿಸಿ. ಕಾಲಿನ ಕೆಳಗೆ ಸಿಕ್ಕಿದ ಕೊಳವೆ ಚರ್ಮದ ಮೇಲೆ ಒತ್ತಡದ ಹುಣ್ಣು ಮಾಡುತ್ತದೆ.

ಕೊಳವೆ ಎಲ್ಲೂ ಮಡಚಿರಬಾರದು. ಜೋತುಬಿದ್ದ ಸುರುಳಿಯಲ್ಲಿ ಮೂತ್ರ ನಿಂತರೆ ಹರಿವಿಗೆ ತಡೆ. ಚೀಲ ಯಾವಾಗಲೂ ಮೂತ್ರಕೋಶದ ಮಟ್ಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಚಿಕ್ಕ ಮಕ್ಕಳ ತೊಟ್ಟಿಲು ತಗ್ಗಿನಲ್ಲಿದ್ದರೆ ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟ. ಕೊಕ್ಕೆಯ ಎತ್ತರವನ್ನು ಮೊದಲೇ ಸರಿಪಡಿಸಿಕೊಳ್ಳಿ. ಅತಿ ಹೆಚ್ಚು ತಪ್ಪು ನಡೆಯುವುದು ಮಗುವನ್ನು ಸ್ಕ್ಯಾನಿಗೆ ಅಥವಾ ಶಸ್ತ್ರಚಿಕಿತ್ಸೆಗೆ ಒಯ್ಯುವಾಗ. ಸ್ಟ್ರೆಚರ್ ಮೇಲೆ, ಮಗುವಿನ ಕಾಲುಗಳ ನಡುವೆ ಚೀಲವನ್ನು ಇಟ್ಟುಬಿಡುತ್ತಾರೆ, ನಿಂತ ಮೂತ್ರವೆಲ್ಲ ಹಿಂದಕ್ಕೆ ಹರಿಯುತ್ತದೆ. ಹೊರಡುವ ಮುನ್ನ ಚೀಲ ಖಾಲಿ ಮಾಡಿ, ದಾರಿಯುದ್ದಕ್ಕೂ ಕೆಳಗೆ ತೂಗುಹಾಕಿ.

ಮುಚ್ಚಿದ ವ್ಯವಸ್ಥೆಯನ್ನು, ಅಂದರೆ ಕ್ಯಾಥೆಟರಿನಿಂದ ಚೀಲದವರೆಗಿನ ಜೋಡಣೆಯನ್ನು, ಬಿಚ್ಚಬೇಡಿ. ಮೊದಲು ಮೂತ್ರ ತೆರೆದ ಪಾತ್ರೆಗೆ ಹರಿಯುತ್ತಿದ್ದ ಕಾಲದಲ್ಲಿ ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲ ರೋಗಿಗಳ ಮೂತ್ರದಲ್ಲೂ ಬ್ಯಾಕ್ಟೀರಿಯಾ ಸೇರುತ್ತಿತ್ತು. ನಂಜುರಹಿತ ಮುಚ್ಚಿದ ವ್ಯವಸ್ಥೆ ಇದನ್ನು ತಡೆಯಬಲ್ಲದು ಎಂದು ಸಂಶೋಧಕರಾದ ಕ್ಯಾಲ್ವಿನ್ ಕುನಿನ್ ಮತ್ತು ರೆಜಿನಾ ಮೆಕ್‌ಕಾರ್ಮ್ಯಾಕ್ 1966ರಲ್ಲಿ ತೋರಿಸಿದರು. ಇಂದಿಗೂ ಅದಕ್ಕಿಂತ ದೊಡ್ಡ ತಾಂತ್ರಿಕ ಸುಧಾರಣೆ ಈ ಕ್ಷೇತ್ರದಲ್ಲಿ ಆಗಿಲ್ಲ ಎಂಬುದು ನನ್ನ ಎಣಿಕೆ. ಜೋಡಣೆ ಅಕಸ್ಮಾತ್ ಬಿಚ್ಚಿಕೊಂಡರೆ ಅಥವಾ ಸೋರಿದರೆ, ಒರೆಸಿ ಮತ್ತೆ ಸಿಕ್ಕಿಸಬೇಡಿ. ಕ್ಯಾಥೆಟರ್ ಇನ್ನೂ ಬೇಕೇ ಎಂದು ಕೇಳಿ, ಬೇಕೆಂದಾದರೆ ಕ್ಯಾಥೆಟರ್ ಮತ್ತು ಚೀಲ ಎರಡನ್ನೂ ಹೊಸದಾಗಿ ಹಾಕಿ.

ಚೀಲ ಮೂರರಲ್ಲಿ ಎರಡು ಪಾಲು ತುಂಬುವ ಮುನ್ನ ಖಾಲಿ ಮಾಡಿ. ಪ್ರತಿ ಮಗುವಿಗೂ ಪ್ರತ್ಯೇಕ ಪಾತ್ರೆ ಇರಲಿ. ಒಂದೇ ಪಾತ್ರೆ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇಡೀ ಘಟಕಕ್ಕೆ ಹರಡುತ್ತದೆ. ಚೀಲದ ನಲ್ಲಿ ಪಾತ್ರೆಗೆ ತಾಗಬಾರದು. ಮುಟ್ಟುವ ಮುನ್ನ ಮತ್ತು ನಂತರ ಕೈ ಶುದ್ಧಗೊಳಿಸಿ, ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವಾಗ ಕೈಗವಸು ಬದಲಿಸಿ.

ದಿನಕ್ಕೊಮ್ಮೆ ಸ್ನಾನದೊಂದಿಗೆ, ಹಾಗೂ ಪ್ರತಿ ಬಾರಿ ಮಲವಾದ ಮೇಲೆ, ಮೂತ್ರದ್ವಾರದ ಸುತ್ತ ಸೋಪು ಮತ್ತು ನೀರಿನಿಂದ ಶುದ್ಧಗೊಳಿಸಿ. ಕೊಳವೆಯನ್ನು ಒರೆಸುವಾಗ ದೇಹದಿಂದ ದೂರದ ದಿಕ್ಕಿಗೆ ಒರೆಸಿ. ಕ್ಯಾಥೆಟರ್ ಇರುವಾಗ ದಿನವೂ ನಂಜುನಿವಾರಕ ಹಚ್ಚುವುದರಿಂದ ಹೆಚ್ಚಿನ ಲಾಭವಿಲ್ಲ, ಒಳಪದರ ಕೆರಳುತ್ತದೆ. ಭೇದಿ ಆಗುತ್ತಿರುವ ಡೈಪರ್ ಮಗುವಿಗೆ ಅಪಾಯ ಹೆಚ್ಚು, ಅಲ್ಲಿ ಗಂಟೆಗೊಮ್ಮೆ ನೋಡಿದರೂ ಹೆಚ್ಚಲ್ಲ. ಮಲಬದ್ಧತೆಯನ್ನೂ ಮರೆಯಬೇಡಿ: ತುಂಬಿದ ಮಲಾಶಯ ಕ್ಯಾಥೆಟರನ್ನು ಒತ್ತಿ ಮೂತ್ರದ ಹರಿವನ್ನು ತಡೆಯುತ್ತದೆ, ಮೂತ್ರ ಕೊಳವೆಯ ಸುತ್ತ ಸೋರುತ್ತದೆ. ಸೋರಿಕೆ ಕಂಡ ಕೂಡಲೇ ದಪ್ಪ ಕ್ಯಾಥೆಟರಿಗೆ ಕೈಹಾಕುವುದು ತಪ್ಪು; ಮೊದಲು ಮಡಿಕೆ, ತಡೆ, ಮಲಬದ್ಧತೆ, ಮೂತ್ರಕೋಶದ ಸೆಳೆತ ಇವನ್ನು ಹುಡುಕಿ.

ಒಮ್ಮೆಲೇ ಮೂತ್ರ ಬರುವುದು ನಿಂತಾಗಲೂ ಇದೇ ಕ್ರಮ. ದ್ರವ ಅಥವಾ ಮೂತ್ರ ಹೆಚ್ಚಿಸುವ ಔಷಧವಾದ ಫ್ಯೂರೋಸೆಮೈಡ್ ಕೊಡುವ ಮುನ್ನ ಕೊಳವೆ ಮುಚ್ಚಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ರೂಢಿಯಲ್ಲಿರುವ ಕೆಲವನ್ನು ಕೈಬಿಡಬೇಕು. ಸೋಂಕು ತಡೆಯಲೆಂದು ಮುಂಚಿತವಾಗಿ ಆ್ಯಂಟಿಬಯಾಟಿಕ್ ಕೊಡುವುದು, ಮೂತ್ರಕೋಶವನ್ನು ಔಷಧದಿಂದ ತೊಳೆಯುವುದು, ಚೀಲಕ್ಕೆ ನಂಜುನಿವಾರಕ ಸುರಿಯುವುದು, ಇಷ್ಟು ದಿನಕ್ಕೊಮ್ಮೆ ಎಂದು ಕ್ಯಾಥೆಟರ್ ಬದಲಿಸುವುದು — ಇವು ಯಾವುವನ್ನೂ ಮಾಡಬೇಕಿಲ್ಲ. ಮೊದಲನೆಯದು ಔಷಧಕ್ಕೆ ಬಗ್ಗದ ತಳಿಗಳನ್ನು ಬೆಳೆಸುತ್ತದೆ, ಕೊನೆಯದು ಕಾರಣವಿಲ್ಲದೆ ಮೂತ್ರನಾಳವನ್ನು ಮತ್ತೆ ಗಾಯಗೊಳಿಸುತ್ತದೆ.

ಹಂತ 5: ಜ್ವರ ಬಂದಾಗ

ತೀವ್ರ ನಿಗಾದಲ್ಲಿರುವ ಮಗುವಿಗೆ ಜ್ವರ ಬಂದರೆ ಎಲ್ಲ ಕಲ್ಚರುಗಳನ್ನೂ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗಳು) ಒಟ್ಟಿಗೆ ಕಳಿಸುವುದು ಅಭ್ಯಾಸವಾಗಿದೆ. ಮೂತ್ರದ ವಿಷಯದಲ್ಲಿ ಇದು ದಾರಿ ತಪ್ಪಿಸುತ್ತದೆ. ಕೆಲವು ದಿನ ಕ್ಯಾಥೆಟರ್ ಇದ್ದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಸಾಮಾನ್ಯ, ಅದು ಸೋಂಕೆಂದೇ ಅರ್ಥವಲ್ಲ. ಮೂತ್ರ ಕಲಕಿದಂತಿದೆ, ವಾಸನೆ ಬರುತ್ತಿದೆ ಎಂಬುದು ಮಾತ್ರ ಕಲ್ಚರ್ ಕಳಿಸಲು ಸಾಕಾಗದು. ಮೊದಲು ಶ್ವಾಸಕೋಶ, ರಕ್ತನಾಳದ ಕೊಳವೆ, ಗಾಯಗಳನ್ನು ಪರೀಕ್ಷಿಸಿ, ಆಮೇಲೆ ಮೂತ್ರದ ಬಗ್ಗೆ ನಿರ್ಧರಿಸಿ. ಅಪವಾದಗಳೂ ಇವೆ: ಪುಟ್ಟ ಶಿಶುಗಳು, ರೋಗನಿರೋಧಕ ಶಕ್ತಿ ಕುಂದಿದವರು, ಮೂತ್ರಾಂಗಗಳ ದೋಷವಿರುವವರು, ಮತ್ತು ಕಾರಣ ತಿಳಿಯದ ಆಘಾತಕ್ಕೆ ಜಾರಿದ ಮಗು. ಇವರಲ್ಲಿ ತಡ ಮಾಡಬೇಡಿ.

ಮಾದರಿಯನ್ನು ಚೀಲದಿಂದ ತೆಗೆಯಲೇಬೇಡಿ. ಚೀಲದಲ್ಲಿ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಕೊಳವೆಯ ಮೇಲಿನ ಮಾದರಿ ತೆಗೆಯುವ ಕಿಂಡಿಯ ಕೆಳಗೆ ಸ್ವಲ್ಪ ಹೊತ್ತು ಕ್ಲಾಂಪ್ ಹಾಕಿ, ಕಿಂಡಿಯನ್ನು ಆಲ್ಕೋಹಾಲಿನಿಂದ ಚೆನ್ನಾಗಿ ಉಜ್ಜಿ, ಒಣಗಲು ಬಿಟ್ಟು, ನಂಜುರಹಿತ ಸಿರಿಂಜಿನಿಂದ ಎಳೆಯಿರಿ. ಕ್ಲಾಂಪ್ ತೆಗೆಯಲು ಮರೆಯಬೇಡಿ. ಕ್ಯಾಥೆಟರ್ ಹಾಕಿ ಎರಡು ವಾರ ದಾಟಿದ್ದರೆ, ಹಳೆಯದನ್ನು ತೆಗೆದು ಹೊಸದರಿಂದಲೇ ಮಾದರಿ ಪಡೆಯಿರಿ; ಇಲ್ಲದಿದ್ದರೆ ಸಿಗುವುದು ಮೂತ್ರಕೋಶದ ಸುದ್ದಿಯಲ್ಲ, ಕೊಳವೆಗೆ ಅಂಟಿದ ಪೊರೆಯ ಸುದ್ದಿ. ಮಾದರಿ ಕೂಡಲೇ ಪ್ರಯೋಗಾಲಯ ತಲುಪದಿದ್ದರೆ ಶೀತಪೆಟ್ಟಿಗೆಯಲ್ಲಿಡಿ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಎಣಿಕೆಯ ನಿಯಮದಂತೆ, ಕ್ಯಾಥೆಟರ್ ಸತತ ಎರಡು ದಿನಕ್ಕಿಂತ ಹೆಚ್ಚು ಇದ್ದು, 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಅಥವಾ ಕೆಳಹೊಟ್ಟೆಯ ನೋವಿನಂಥ ಲಕ್ಷಣವಿದ್ದು, ಒಂದು ಮಿಲಿಲೀಟರ್ ಮೂತ್ರದಲ್ಲಿ ಕನಿಷ್ಠ 1,00,000 ಬ್ಯಾಕ್ಟೀರಿಯಾ ಬೆಳೆದು, ಎರಡಕ್ಕಿಂತ ಹೆಚ್ಚು ಬಗೆಯ ಜೀವಿಗಳಿಲ್ಲದಿದ್ದರೆ ಅದು ಕ್ಯಾಥೆಟರ್ ಸಂಬಂಧಿತ ಸೋಂಕು. ಒಂದು ವರ್ಷದೊಳಗಿನವರಲ್ಲಿ 36 ಡಿಗ್ರಿಗಿಂತ ಕಡಿಮೆ ತಾಪಮಾನ, ಉಸಿರು ನಿಲ್ಲುವುದು, ಹೃದಯಬಡಿತ ಇಳಿಯುವುದು, ಮಂಕುತನ, ವಾಂತಿಯನ್ನೂ ಲಕ್ಷಣಗಳೆಂದು ಪರಿಗಣಿಸುತ್ತಾರೆ. ಇದು ಅಂಕಿ ಅಂಶಗಳಿಗಾಗಿ ಮಾಡಿದ ನಿಯಮ ಎಂಬುದು ನೆನಪಿರಲಿ. ಮಗುವಿಗೆ ಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಹಾಸಿಗೆಯ ಬಳಿ ನಿಂತ ವೈದ್ಯರು ತೀರ್ಮಾನಿಸಬೇಕು. ಕ್ಯಾಂಡಿಡಾ ಶಿಲೀಂಧ್ರವನ್ನು 2015ರಿಂದ ಈ ಎಣಿಕೆಯಿಂದ ಬಿಟ್ಟಿದ್ದಾರೆ. ಲಕ್ಷಣವಿಲ್ಲದ ಮಗುವಿನ ಮೂತ್ರದಲ್ಲಿ ಅದು ಕಂಡರೆ ಹೆಚ್ಚಿನ ಬಾರಿ ಕ್ಯಾಥೆಟರ್ ತೆಗೆಯುವುದೇ ಚಿಕಿತ್ಸೆ. ಅತಿ ಕಡಿಮೆ ತೂಕದ ನವಜಾತರು ಮತ್ತು ಬಿಳಿ ರಕ್ತಕಣ ಕುಸಿದವರು ಇದಕ್ಕೆ ಹೊರತು.

ಸೋಂಕು ಖಚಿತವಾದರೆ ಕ್ಯಾಥೆಟರ್ ತೆಗೆಯಿರಿ, ಅನಿವಾರ್ಯವಾದರೆ ಬದಲಿಸಿ. ಕಲ್ಚರ್ ವರದಿ ಬಂದ ಮೇಲೆ ಆ್ಯಂಟಿಬಯಾಟಿಕನ್ನು ಸಿಕ್ಕ ರೋಗಾಣುವಿಗೆ ಮಾತ್ರ ತಕ್ಕದ್ದಕ್ಕೆ ಕಿರಿದುಗೊಳಿಸಿ.

ಹಂತ 6: ತೆಗೆಯುವ ನಿರ್ಧಾರ

ಪ್ರತಿ ಬೆಳಗ್ಗೆ ರೌಂಡ್ಸ್‌ನಲ್ಲಿ ಒಬ್ಬರು ಜೋರಾಗಿ ಕೇಳಬೇಕು: ‘ಈ ಮಗುವಿಗೆ ಇಂದು ಕ್ಯಾಥೆಟರ್ ಏಕೆ ಬೇಕು?’ ಕೇಳುವವರು ಯಾರೆಂದು ಹೆಸರಿಸಿ ನಿಗದಿ ಮಾಡಿ. ಎಲ್ಲರ ಜವಾಬ್ದಾರಿ ಎಂದಾದರೆ ಯಾರೂ ಕೇಳುವುದಿಲ್ಲ. ನನ್ನ ನಂಬಿಕೆಯಲ್ಲಿ ಹಾಸಿಗೆಯ ಬಳಿಯ ಶುಶ್ರೂಷಕರೇ ಇದಕ್ಕೆ ಸರಿಯಾದವರು, ಏಕೆಂದರೆ ಮಗು ಎಚ್ಚರಗೊಂಡಿದೆ, ಡೈಪರ್ ತೂಗಬಹುದು ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಲಿಖಿತ ಮಾನದಂಡ ಒಪ್ಪಿಕೊಂಡ ಘಟಕಗಳಲ್ಲಿ, ಕಾರಣ ಮುಗಿದ ಕೂಡಲೇ ಪ್ರತ್ಯೇಕ ಆದೇಶಕ್ಕೆ ಕಾಯದೆ ಶುಶ್ರೂಷಕರೇ ತೆಗೆಯುವ ವ್ಯವಸ್ಥೆ ಇರುತ್ತದೆ.

ಆದರೆ ಸುರಕ್ಷತೆಗೆ ಇನ್ನೊಂದು ಮುಖವಿದೆ. ಸೋಂಕಿನ ಅಂಕಿ ಇಳಿಸುವ ಹುಮ್ಮಸ್ಸಿನಲ್ಲಿ ಆಘಾತದಲ್ಲಿರುವ ಮಗುವಿನ ಕ್ಯಾಥೆಟರ್ ಕಿತ್ತರೆ ಮೂತ್ರಪಿಂಡ ಸೋಲುತ್ತಿರುವುದು ತಡವಾಗಿ ತಿಳಿಯುತ್ತದೆ. ಮೂತ್ರನಾಳ, ಮೂತ್ರಕೋಶಗಳ ಶಸ್ತ್ರಚಿಕಿತ್ಸೆಯ ನಂತರ ಹಾಕಿದ ಕ್ಯಾಥೆಟರ್ ಹೊಲಿಗೆಗೆ ಆಸರೆ. ಅದನ್ನು ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಇಂಥ ಮಕ್ಕಳ ಹಾಸಿಗೆಗೂ ಕಡತಕ್ಕೂ ಎದ್ದು ಕಾಣುವ ಸೂಚನೆ ಅಂಟಿಸಿ. ಬೆನ್ನಿನ ಎಪಿಡ್ಯೂರಲ್ ಮೂಲಕ ನೋವಿನ ಔಷಧ ನಡೆಯುತ್ತಿದ್ದರೆ ಮೂತ್ರ ಕಟ್ಟುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ತೆಗೆಯುವಾಗ ಸಿರಿಂಜನ್ನು ಬಲೂನಿನ ಕಿಂಡಿಗೆ ಸೇರಿಸಿ ನೀರು ತಾನಾಗಿ ಹಿಂದಕ್ಕೆ ಬರಲು ಬಿಡಿ. ಜೋರಾಗಿ ಎಳೆದರೆ ಬಲೂನು ಸುಕ್ಕಾಗಿ ಅಂಚು ಕಟ್ಟಿಕೊಂಡು ಹೊರಬರುವಾಗ ಗೀಚುತ್ತದೆ. ತುಂಬಿದಷ್ಟೇ ನೀರು ಬಂದಿದೆಯೇ ನೋಡಿ. ತೆಗೆಯುವ ಮುನ್ನ ಕ್ಲಾಂಪ್ ಹಾಕಿ ಮೂತ್ರಕೋಶಕ್ಕೆ ‘ಅಭ್ಯಾಸ’ ಮಾಡಿಸುವ ಅಗತ್ಯವಿಲ್ಲ.

ಮುಂದಿನ ಆರು ಗಂಟೆ ಗಮನವಿರಲಿ. ಮೂತ್ರ ಬರದಿದ್ದರೆ ಅಲ್ಟ್ರಾಸೌಂಡಿನಿಂದ ಎಷ್ಟು ಸೇರಿದೆ ಎಂದು ಅಳೆಯಿರಿ. ಒಂದು ವರ್ಷ ಮೀರಿದ ಮಗುವಿನ ಮೂತ್ರಕೋಶದ ಸಾಮರ್ಥ್ಯ ಸುಮಾರಾಗಿ ವಯಸ್ಸಿಗೆ ಎರಡು ಕೂಡಿಸಿ 30ರಿಂದ ಗುಣಿಸಿದಷ್ಟು ಮಿಲಿಲೀಟರ್. ನಾಲ್ಕು ವರ್ಷದವರಿಗೆ 180. ಅದರ ಸಮೀಪ ಬಂದಿದ್ದರೆ ಅಥವಾ ಮಗು ಹೊಟ್ಟೆಯುಬ್ಬರದಿಂದ ಚಡಪಡಿಸುತ್ತಿದ್ದರೆ ಒಮ್ಮೆ ಹಾಕಿ ತೆಗೆಯುವ ಕ್ಯಾಥೆಟರಿನಿಂದ ಖಾಲಿ ಮಾಡಿ. ಮತ್ತೆ ಫೋಲಿ ಹಾಕುವುದು ಕೊನೆಯ ಆಯ್ಕೆ. ಒಪಿಯಾಯ್ಡ್ ಪ್ರಮಾಣ ತಗ್ಗಿಸಬಹುದೇ, ಮಲಬದ್ಧತೆ ಇದೆಯೇ ಎಂದೂ ನೋಡಿ.

ಪೋಷಕರಿಗೆ

ನಿಮ್ಮ ಮಗುವಿನ ಕ್ಯಾಥೆಟರ್ ಬಗ್ಗೆ ಕೇಳುವುದು ನಿಮ್ಮ ಹಕ್ಕು. ‘ಇದು ಇನ್ನೂ ಬೇಕೇ?’ ಎಂಬ ಪ್ರಶ್ನೆಯಿಂದ ಒಳ್ಳೆಯ ತಂಡ ಬೇಸರಪಡುವುದಿಲ್ಲ. ಮಗುವನ್ನು ಮುಟ್ಟುವ ಮುನ್ನ ಕೈ ಶುದ್ಧಗೊಳಿಸಿ. ಎತ್ತಿಕೊಳ್ಳುವಾಗ ಕೊಳವೆ ಎಳೆಯದಂತೆ ಶುಶ್ರೂಷಕರ ನೆರವು ಪಡೆಯಿರಿ, ಚೀಲವನ್ನು ನೀವೇ ಎತ್ತಿ ಹಾಸಿಗೆಯ ಮೇಲಿಡಬೇಡಿ. ಮೂತ್ರದಲ್ಲಿ ರಕ್ತ ಕಂಡರೆ, ಡೈಪರ್ ಒದ್ದೆಯಾಗಿದ್ದರೆ, ಚೀಲಕ್ಕೆ ಬಹಳ ಹೊತ್ತಿನಿಂದ ಏನೂ ಬಂದಿಲ್ಲವೆನಿಸಿದರೆ ಕೂಡಲೇ ಹೇಳಿ.

ಎಣಿಕೆ ಇಡುವುದು

ಘಟಕ ಸುಧಾರಿಸುತ್ತಿದೆಯೇ ಎಂದು ತಿಳಿಯಲು ಎರಡು ಅಂಕಿಗಳು ಬೇಕು. ಪ್ರತಿದಿನ ಒಂದೇ ಹೊತ್ತಿಗೆ ಎಷ್ಟು ಮಕ್ಕಳಿಗೆ ಕ್ಯಾಥೆಟರ್ ಇದೆ ಎಂದು ಎಣಿಸಿ ಕೂಡಿಸಿದರೆ ಕ್ಯಾಥೆಟರ್ ದಿನಗಳು ಸಿಗುತ್ತವೆ. ಸೋಂಕುಗಳ ಸಂಖ್ಯೆಯನ್ನು ಅದರಿಂದ ಭಾಗಿಸಿ 1,000ದಿಂದ ಗುಣಿಸಿದರೆ ಸೋಂಕಿನ ದರ. 400 ಕ್ಯಾಥೆಟರ್ ದಿನಗಳಲ್ಲಿ ಎರಡು ಸೋಂಕಾದರೆ ದರ 5. ಎರಡನೆಯದು ಬಳಕೆಯ ಅನುಪಾತ: ಅದೇ ಅವಧಿಯಲ್ಲಿ ಘಟಕದ ಎಲ್ಲ ಮಕ್ಕಳು ಸೇರಿ ಕಳೆದ ದಿನಗಳು 800 ಆಗಿದ್ದರೆ ಅನುಪಾತ 0.5.

ಎರಡನ್ನೂ ಒಟ್ಟಿಗೆ ನೋಡಬೇಕು. ಅನಗತ್ಯ ಕ್ಯಾಥೆಟರುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಅತ್ಯಂತ ಅಸ್ವಸ್ಥರಾದ ಮಕ್ಕಳದ್ದು ಮಾತ್ರ. ಆಗ ಸೋಂಕುಗಳ ಸಂಖ್ಯೆ ಇಳಿದಿದ್ದರೂ ದರ ಏರಿದಂತೆ ಕಾಣಬಹುದು. ಅದನ್ನು ನೋಡಿ ತಂಡ ಎದೆಗುಂದಬಾರದು. ಹಾಸಿಗೆ ಕಡಿಮೆಯಿರುವ ಘಟಕದಲ್ಲಿ ಒಂದೇ ಸೋಂಕು ತಿಂಗಳ ದರವನ್ನು ಎಲ್ಲಿಗೋ ಒಯ್ಯುತ್ತದೆ, ಅಲ್ಲಿ ಒಂದು ಸೋಂಕಿನಿಂದ ಇನ್ನೊಂದಕ್ಕೆ ಎಷ್ಟು ದಿನ ಕಳೆಯಿತು ಎಂದು ಗೋಡೆಯ ಮೇಲೆ ಬರೆದಿಡುವುದು ಹೆಚ್ಚು ಉಪಯುಕ್ತ.

ಸೋಂಕಾದ ಪ್ರತಿ ಮಗುವಿನ ಕಡತವನ್ನೂ ಒಂದೆರಡು ದಿನಗಳೊಳಗೆ ಹಾಸಿಗೆಯ ಬಳಿಯ ಶುಶ್ರೂಷಕರು, ವೈದ್ಯರು, ಸೋಂಕು ನಿಯಂತ್ರಣ ಸಿಬ್ಬಂದಿ ಒಟ್ಟಿಗೆ ಕುಳಿತು ತೆರೆಯಿರಿ. ಯಾರು ಹಾಕಿದರು ಎಂದು ಹುಡುಕಲು ಹೊರಟರೆ ಮುಂದಿನ ಬಾರಿ ಯಾರೂ ನಿಜ ಬರೆಯುವುದಿಲ್ಲ. ಕೇಳಬೇಕಾದದ್ದು ಇವು: ಹಾಕಿದ ಕಾರಣ ಯಾವ ದಿನ ಮುಗಿದಿತ್ತು, ಆ ದಿನದ ನಂತರ ಎಷ್ಟು ದಿನ ಕ್ಯಾಥೆಟರ್ ಉಳಿಯಿತು, ಜೋಡಣೆ ಬಿಚ್ಚಿದ ದಾಖಲೆ ಇದೆಯೇ, ಸ್ಕ್ಯಾನಿಗೆ ಒಯ್ದಾಗ ಚೀಲ ಎಲ್ಲಿತ್ತು, ಭೇದಿ ಇತ್ತೇ, ಮಾದರಿ ತೆಗೆದದ್ದು ಎಲ್ಲಿಂದ. ಸಿಕ್ಕ ಉತ್ತರಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಮಾತ್ರ ಒಂದು ಬದಲಾವಣೆ ಮಾಡಿ, ಮುಂದಿನ ತಿಂಗಳ ಕ್ಯಾಥೆಟರ್ ದಿನಗಳೊಂದಿಗೆ ಹೋಲಿಸಿ ನೋಡಿ.